ಖಾರದ ಗಿರಣಿಯಲ್ಲಿ ಹೂವಿನ ಅಂಗಿ

ಬ್ಯಾಡಗಿಯ ಖಾರದ ಗಿರಣಿಗಳಿಗೆ ಕೆಲಸಕ್ಕೆ ಹೋಗುವ ಹೆಂಗಸರು ಮನೆಯಲ್ಲಿರುವ ಹಳೆಯ ಸೀರೆಯನ್ನೇ ಹುಡುಕಿ ಉಟ್ಟುಕೊಂಡು ಹೋಗುತ್ತಾರೆ. ಸಂಜೆಯ ಹೊತ್ತಿಗೆ ತಲೆಯಿಂದ ಕಾಲಿನವರೆಗೆ ಎಲ್ಲರೂ ಕೆಂಪಗಾಗಿರುತ್ತಾರೆ, ಒಳ್ಳೆಯದನ್ನು ಯಾಕೆ ಹಾಳುಮಾಡಬೇಕು? ಜ್ಯೋತಿಲಕ್ಷ್ಮಿ ಮಾತ್ರ ಹಾಗಲ್ಲ. ಗಿಳಿಹಸಿರು, ಆನಂದನೀಲಿ, ಅಂಚಿಗೆ ಜರಿಯಿದ್ದದ್ದು, ಹೀಗೆ ಒಂದೊಂದು ದಿನ ಒಂದೊಂದು.

"ಹಬ್ಬ ಯಾವಾಗರೆ ಒಮ್ಮೆ ಬರ್ತಾವ. ಗಿರಣಿ ದಿನಾ ಐತಿ. ಚಲೋ ಸೀರಿ ಮತ್ತ ಎಲ್ಲಿಗೆ ಉಡ್ಲಿ?" ಎಂದು ಕೇಳುತ್ತಿದ್ದಳು.

ಅವಳ ತವರು ಕರ್ಜಗಿ. ಬ್ಯಾಡಗಿಯ ಯಲ್ಲೇಶನನ್ನು ಮದುವೆಯಾಗಿ ಬಂದವಳು. ಯಲ್ಲೇಶ ಮಾರುಕಟ್ಟೆಯಿಂದ ಗಿರಣಿಗಳಿಗೆ ಮೆಣಸಿನಕಾಯಿ ಚೀಲ ಸಾಗಿಸುವ ಟೆಂಪೊ ಓಡಿಸುತ್ತಾನೆ. ಮಕ್ಕಳು ಶಾಲೆಗೆ ಹೋಗಲು ಶುರುಮಾಡಿದ ಮೇಲೆ ಅವಳು ಕೊಟ್ರೇಶನ ಗಿರಣಿಯಲ್ಲಿ ಕೆಲಸಕ್ಕೆ ನಿಂತಳು. ತೊಟ್ಟು ಬಿಡಿಸಿದ ಕಾಯಿಯನ್ನು ಬುಟ್ಟಿಯಲ್ಲಿ ತುಂಬಿ ಯಂತ್ರದ ಬಾಯಿಗೆ ಸುರಿಯುವುದು ಅವಳ ಪಾಲಿಗೆ ಬಂದ ಕೆಲಸ. ಯಂತ್ರದ ಸದ್ದನ್ನೂ ಮೀರಿ ಅವಳ ನಗು ಹೊರಗಿನ ರಸ್ತೆಗೆ ಕೇಳುತ್ತಿತ್ತು ಎಂದು ಅಲ್ಲಿಯ ಹೆಂಗಸರು ಈಗಲೂ ಹೇಳುತ್ತಾರೆ.

ಅವತ್ತು ಮಾರುಕಟ್ಟೆಯ ದಿನ. ಗಿರಣಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಬೆಳಿಗ್ಗೆ ಎಣ್ಣೆ ಹಾಕಲೆಂದು ಬೆಲ್ಟಿನ ಮೇಲಿನ ತಗಡಿನ ಮುಚ್ಚಳ ತೆಗೆದಿದ್ದರು. ಗದ್ದಲದಲ್ಲಿ ಅದನ್ನು ತಿರುಗಿ ಹಾಕುವುದು ಯಾರಿಗೂ ನೆನಪಾಗಲಿಲ್ಲ. ಜ್ಯೋತಿಲಕ್ಷ್ಮಿ ಗಿಳಿಹಸಿರು ಸೀರೆ ಉಟ್ಟಿದ್ದಳು. ಬುಟ್ಟಿ ಎತ್ತಲು ಬಗ್ಗಿದಾಗ ಸೊಂಟಕ್ಕೆ ಸಿಕ್ಕಿಸಿದ್ದ ಸೆರಗು ಬಿಚ್ಚಿಕೊಂಡಿತು. ಓಡುತ್ತಿದ್ದ ಬೆಲ್ಟು ಅದನ್ನು ಸರಕ್ಕನೆ ಎಳೆದುಕೊಂಡಿತು. ಅವಳ ಹೆಗಲು ಕಬ್ಬಿಣದ ಚೌಕಟ್ಟಿಗೆ ಬಡಿಯಿತು.

ಗಿರಣಿಯ ಯಂತ್ರಗಳನ್ನು ನೋಡಿಕೊಳ್ಳುವ ರಫೀಕ್ ಆಚೆ ಬದಿಗಿದ್ದ. ಗಾಲಿಯ ಸುತ್ತ ಹಸಿರು ಬಟ್ಟೆ ಸುತ್ತಿಕೊಳ್ಳುವುದು ಕಣ್ಣಿಗೆ ಬಿದ್ದದ್ದೇ ಕೈಯಲ್ಲಿದ್ದ ನಟ್ಟು ಬಿಗಿಯುವ ಪಾನಾ ಒಗೆದು ಓಡಿದ, ಮೇನ್ ಸ್ವಿಚ್ ಬಂದ್ ಮಾಡಿದ. ಗಾಲಿ ಗುರುಗುಡುತ್ತ ನಿಂತಿತು. ಜ್ಯೋತಿಲಕ್ಷ್ಮಿಯ ಮುಖಕ್ಕೂ ಗಾಲಿಗೂ ನಡುವೆ ಒಂದು ಗೇಣು ಉಳಿದಿತ್ತು.

ಕೊಟ್ರೇಶನೇ ಓಡಿಬಂದು ಕತ್ತರಿಯಿಂದ ಸೆರಗು ಕತ್ತರಿಸಿದ. ಹೆಂಗಸರು ಚಾದರ ಹೊದಿಸಿ ಕೂರಿಸಿ ನೀರು ಕುಡಿಸಿದರು. ಅವಳ ಬಾಯಿಂದ ಬಂದ ಮೊದಲ ಮಾತು, "ಸೀರಿ ಹೋತಲ್ರೆವ್ವಾ!"

ಅಳುತ್ತಿದ್ದವರಿಗೆ ನಗು ತಡೆಯಲಾಗಲಿಲ್ಲ.

ಹೆಗಲು ಊದಿಕೊಂಡಿತ್ತು, ಎಲುಬು ಮುರಿದಿರಲಿಲ್ಲ. ಡಾಕ್ಟರು ವಿಶ್ರಾಂತಿ ಬೇಕೆಂದರು. ಮನೆಯಲ್ಲಿ ಯಲ್ಲೇಶ ಒಂದೇ ಸಮನೆ, "ಗಿರಣಿ ಸಾಕು, ಬಿಟ್ಟುಬಿಡು" ಎನ್ನತೊಡಗಿದ.

"ನಾ ಬಿಟ್ರ ಆ ಜಾಗಾಕ್ಕ ಮತ್ತೊಬ್ಬಾಕಿ ಬಂದು ನಿಂದರ್ತಾಳ," ಎಂದಳು ಜ್ಯೋತಿಲಕ್ಷ್ಮಿ. "ಆಕಿ ಸೆರಗೂ ಉದ್ದನ ಇರ್ತೈತಿ."



ಅವಳು ಕೆಲಸಕ್ಕೆ ಮರಳಿದ ದಿನ ಗಿರಣಿಯಲ್ಲಿ ಹೊಸ ಬಟ್ಟೆಯ ವಾಸನೆ ಇತ್ತು. ಕೊಟ್ರೇಶ ರಾಣೇಬೆನ್ನೂರಿಗೆ ಹೋಗಿ ಎಲ್ಲ ಹೆಂಗಸರಿಗೂ ಖಾಕಿ ಅಂಗಿ ತಂದಿದ್ದ. ಸೀರೆಯ ಮೇಲೆ ಹಾಕಿಕೊಂಡರೆ ಸೆರಗು ಒಳಗೆ ಉಳಿಯುತ್ತದೆ ಎಂಬುದು ಅವನ ಯೋಚನೆ. ಯೋಚನೆ ಒಳ್ಳೆಯದೇ. ಆದರೆ ಅಂಗಿ ಗಂಡಸರದು. ತೋಳು ಬೆರಳು ದಾಟಿ ಜೋತಾಡುತ್ತಿತ್ತು, ಸೆರಗಿನ ಉಬ್ಬಿನ ಮೇಲೆ ಗುಂಡಿ ಕೂಡುತ್ತಿರಲಿಲ್ಲ, ಒಳಗೆ ಬೆವರು ಇಳಿಯುತ್ತಿತ್ತು.

ತೊಟ್ಟು ಬಿಡಿಸುವವರಲ್ಲಿ ಎಲ್ಲರಿಗಿಂತ ಹಿರಿಯಳಾದ ನೀಲಗಂಗವ್ವ ಅಂಗಿಯನ್ನು ಮುಟ್ಟಲೇ ಇಲ್ಲ. "ಸಾವ್ಕಾರ್ರ, ಈ ವಯಸ್ಸಿನ್ಯಾಗ ನಾ ಪೊಲೀಸ್ ನೌಕರಿಗೆ ಸೇರಂಗಿಲ್ರಿ," ಎಂದಳು.

ಆ ವಾರ ಮುಗಿಯುವಷ್ಟರಲ್ಲಿ ಖಾಕಿ ಅಂಗಿಗಳೆಲ್ಲ ಧೂಳು ಬೀಳದಂತೆ ಕಾಯಿ ಚೀಲಗಳ ಮೇಲೆ ಹೊದಿಕೆಯಾಗಿದ್ದವು. ಕೊಟ್ರೇಶನಿಗೆ ಬಹಳ ಬೇಸರವಾಯಿತು.

"ನಿಮ್ಮ ಜೀಂವದ ಸಲುವಾಗಿ ತಂದೇನಿ. ನೀವು ನೋಡಿದ್ರ ಚೀಲಕ್ಕ ಹೊಚ್ಚೀರಲ್ಲ!"

"ಸಿಟ್ಟಾಗಬ್ಯಾಡ್ರಿ," ಎಂದಳು ಜ್ಯೋತಿಲಕ್ಷ್ಮಿ. "ಅಂಗಿ ಬೇಕರಿ. ಆದ್ರ ಸೀರಿ ಉಟ್ಟಾಕಿ ಮೈಗೆ ಹೊಂದೂ ಅಂಗಿ ಬೇಕು. ಹೊಲಿಸಿ ನೋಡೂಣು. ಅದಕ್ಕೂ ಮೊದಲ ಬೆಲ್ಟಿಗೆ ಮುಚ್ಚಳ ಹಾಕಸ್ರಿ. ಎಣ್ಣಿ ಹಾಕೂ ಮುಂದನೂ ತೆಗೀಬಾರದು, ಅಂಥಾದ್ದು."

ಕೊಟ್ರೇಶ ರಫೀಕನ ಮುಖ ನೋಡಿದ. ರಫೀಕ್ ತಲೆ ಕೆರೆದುಕೊಂಡ. "ಜಾಲರಿ ಮಾಡ್ತೇನ್ರಿ. ನಡುವ ಸಣ್ಣ ಕಿಟಕಿ ಇಟ್ರ ಎಣ್ಣಿ ಹಾಕಾಕ ಬರ್ತೈತಿ. ಅಂಗಿ ನನ್ನ ಕೈಲೆ ಆಗೂದಲ್ಲ. ಅದಕ್ಕ ನಮ್ಮಕ್ಕ ಅದಾಳ."

ರಫೀಕನ ಅಕ್ಕ ಕುಲ್ಸುಮಬಿ ಮದುವೆಯ ರವಿಕೆಗಳಿಗೆ ಹೆಸರಾದ ದರ್ಜಿ. ಕೊರಳಲ್ಲಿ ಟೇಪು ಹಾಕಿಕೊಂಡೇ ಓಡಾಡುವವಳು. ಜ್ಯೋತಿಲಕ್ಷ್ಮಿ ಹೇಳಿದ್ದನ್ನೆಲ್ಲ ಕೇಳಿ, "ಬಾಯಿಲೆ ಹೇಳಿದ್ರ ತಿಳಿಯಂಗಿಲ್ಲ. ಕೆಲಸ ಹ್ಯಾಂಗ ಮಾಡ್ತಿ, ಮಾಡಿ ತೋರಸು," ಎಂದಳು.

ಆ ಇಕ್ಕಟ್ಟಿನ ಅಂಗಡಿಯಲ್ಲಿ ಜ್ಯೋತಿಲಕ್ಷ್ಮಿ ಬಗ್ಗಿದಳು, ಇಲ್ಲದ ಬುಟ್ಟಿ ಎತ್ತಿದಳು, ಸುರಿದಳು, ತಿರುಗಿದಳು, ಕಸ ಗುಡಿಸಿದಳು. ರವಿಕೆ ಒಯ್ಯಲು ಬಂದವರು ಬಾಗಿಲಲ್ಲೇ ನಿಂತುಬಿಟ್ಟರು. "ಯಾವ ಮದುವಿಗೆ ಡಾನ್ಸ್ ಕಲಿಸಾಕತ್ತೀರಿ ಕುಲ್ಸುಮಕ್ಕಾ?" ಎಂದು ಒಬ್ಬಳು ಕೇಳಿದಳು.

ಮೊದಲ ಅಂಗಿ ಹಾಕಿಕೊಂಡು ಜ್ಯೋತಿಲಕ್ಷ್ಮಿ ಬುಟ್ಟಿ ಎತ್ತುತ್ತಲೇ ಕಂಕುಳಲ್ಲಿ ಪರ್ರನೆ ಹರಿಯಿತು. ಎರಡನೆಯದಕ್ಕೆ ಕುಲ್ಸುಮಬಿ ಕಂಕುಳಲ್ಲಿ ಪಟ್ಟಿ ಕೊಟ್ಟು ಸಡಿಲು ಮಾಡಿದಳು. ತೋಳು ಮೊಣಕೈವರೆಗೆ, ಅಲ್ಲಿ ಎಲಾಸ್ಟಿಕ್. ಸೆರಗು ಒಳಗೆ ಮಡಚಿ ಕೂರಲು ಜಾಗ. ಕಾಲರ್ ಇಲ್ಲ. ಬಲಕ್ಕೆ ಎಲೆ ಅಡಿಕೆ ಸಂಚಿ ಇಡಲು ಕಿಸೆ, ಎಡಕ್ಕೆ ಮೊಬೈಲ್ ಇಡಲು ಇನ್ನೊಂದು. ಹಿಂದೆ ಕಟ್ಟಿಕೊಳ್ಳಲು ಚಂದದ ಎರಡು ಕಸೆ.

ಕಸೆ ನೋಡಿ ರಫೀಕ್ ಬೇಡವೆಂದ. "ಅಕ್ಕಾ, ಇವನ್ನ ಬೆಲ್ಟು ಹಿಡಕೊಂಡ್ರ ಜ್ಯೋತಕ್ಕನ್ನೂ ಕೂಡೇ ಎಳಕೊಂಡು ಹೋಗ್ತೈತಿ. ಜಗ್ಗಿದ್ರ ಬಿಚ್ಚಿಹೋಗಬೇಕು."

ಕುಲ್ಸುಮಬಿ ಕಸೆಗಳನ್ನು ಕತ್ತರಿಸಿ ತೆಗೆದಳು. ಆಮೇಲೆ ಡಬ್ಬಿಯಿಂದ ಮಕ್ಕಳ ಅಂಗಿಗೆ ಹಚ್ಚುವ ಟಿಚ್ ಬಟನ್ ತೆಗೆದು ಎರಡು ಬೆರಳಲ್ಲಿ ಒತ್ತಿ, ಎಳೆದು ತೋರಿಸಿದಳು. ಟಕ್ ಎಂದು ಬಿಚ್ಚಿತು.

ಅದನ್ನು ಪರೀಕ್ಷೆ ಮಾಡಿದ್ದು ಗಿರಣಿಯಲ್ಲಿ ಒಂದು ಹಬ್ಬದಂತಾಯಿತು. ರಫೀಕ್ ಚೀಲಗಳಿಗೆ ಹೊಟ್ಟು ತುಂಬಿ ಆಳೆತ್ತರದ ಗೊಂಬೆ ಕಟ್ಟಿದ. ಹೆಂಗಸರು ಅದಕ್ಕೆ ಹಳೆಯ ಸೀರೆ ಉಡಿಸಿದರು. ನೀಲಗಂಗವ್ವ ಕುಂಕುಮವಿಟ್ಟು ನೋಡಿ, "ಥೇಟ್ ನಮ್ಮ ನಾದಿನಿ ಮೈಲವ್ವನ ಮಾರಿ," ಎಂದಳು. ಗೊಂಬೆಗೆ ಮೈಲವ್ವ ಎಂದೇ ಹೆಸರಾಯಿತು. ಅದಕ್ಕೆ ಹೊಸ ಅಂಗಿ ತೊಡಿಸಿ, ಎಲ್ಲರನ್ನೂ ದೂರ ನಿಲ್ಲಿಸಿ, ರಫೀಕ್ ಉದ್ದನೆಯ ಕೋಲಿನಿಂದ ಅಂಗಿಯ ಅಂಚನ್ನು ಬೆಲ್ಟಿಗೆ ಕೊಟ್ಟ.

ಟಕಟಕಟಕ ಎಂದು ಗುಂಡಿಗಳೆಲ್ಲ ಬಿಚ್ಚಿದವು. ಅಂಗಿ ಗಾಲಿಯ ಸುತ್ತ ಪಟಪಟ ಹಾರಾಡಿತು. ಮೈಲವ್ವ ಒಮ್ಮೆ ತೂರಾಡಿ, ನಿಂತಲ್ಲೇ ನಿಂತಳು. ಹೆಂಗಸರು ಚಪ್ಪಾಳೆ ಹೊಡೆದರು, ಯಾರೋ ಸಿಳ್ಳೆ ಹಾಕಿದರು. ಕೊಟ್ರೇಶ, "ಎಲ್ಲಾರಿಗೂ ಹೊಲಸ್ರಿ!" ಎಂದು ಕೂಗಿದ.

"ಖಾಕಿ ಬ್ಯಾಡ್ರಿ," ಎಂದರು ಹೆಂಗಸರು ಒಟ್ಟಾಗಿ.

ಬಟ್ಟೆ ಆರಿಸಲು ಜ್ಯೋತಿಲಕ್ಷ್ಮಿಯೂ ಕುಲ್ಸುಮಬಿಯೂ ರಾಣೇಬೆನ್ನೂರಿಗೆ ಹೋದರು. ಅಂಗಡಿಯವನು ಕಪಾಟು ಖಾಲಿಮಾಡಿ ಮುಂದೆ ಸುರಿದ. ಚೆಂಡುಹೂವು, ದಾಸವಾಳ, ನವಿಲುಗರಿ, ಮಾವಿನಕಾಯಿ ಬುಟ್ಟಾ, ಎಲ್ಲ ತೆಳ್ಳನೆ ನೂಲಿನ ಬಟ್ಟೆ. ಗಿರಣಿಯ ಕೆಂಪು ಧೂಳಿನಲ್ಲಿ ಒಬ್ಬೊಬ್ಬರೂ ಯಾರೆಂದು ದೂರದಿಂದಲೇ ಗುರುತಾಗಲಿ ಎಂದು ಒಬ್ಬೊಬ್ಬರಿಗೆ ಒಂದೊಂದು ಬಗೆ ಆರಿಸಿದರು. ಉಳಿದ ತುಂಡುಗಳಲ್ಲಿ ಕುಲ್ಸುಮಬಿ ಮೂಗು ಬಾಯಿ ಮುಚ್ಚುವ ಮೆತ್ತನೆಯ ಮಾಸ್ಕ್ ಹೊಲಿದಳು. ಅಂಗಿಗೆ ಹೊಂದುತ್ತದೆ ಎಂಬ ಕಾರಣಕ್ಕೇ ಹೆಂಗಸರು ಅದನ್ನೂ ಕಟ್ಟಿಕೊಂಡರು.

ಅಷ್ಟರಲ್ಲಿ ರಫೀಕ್ ಬೆಲ್ಟಿನ ಸುತ್ತ ಕಬ್ಬಿಣದ ಜಾಲರಿ ಕೂರಿಸಿದ್ದ. ಅದು ತೆರೆದಿದ್ದರೆ ಯಂತ್ರ ಶುರುವಾಗುವುದೇ ಇಲ್ಲ, ಹಾಗೆ ಮಾಡಿದ್ದ. ಜೊತೆಗೆ ಗೋಡೆಯುದ್ದಕ್ಕೂ ಒಂದು ಕೆಂಪು ಹಗ್ಗ ಕಟ್ಟಿದ. ಎಲ್ಲಿಂದ ಎಳೆದರೂ ಗಿರಣಿ ನಿಲ್ಲಬೇಕು. ಮೊದಲು ಎಳೆದು ನೋಡಲು ನೀಲಗಂಗವ್ವನನ್ನು ಕರೆದ. ಅವಳು ಅಂಜುತ್ತ ಎಳೆದಳು. ಇಡೀ ಗಿರಣಿ ಸದ್ದಡಗಿತು.

"ಏನ್ ಅಧಿಕಾರ ಬಂತವ್ವಾ ನನ್ನ ಕೈಯಾಗ!" ಎಂದು ಹಿಗ್ಗಿದಳು.

ಮರುದಿನ ಚಹಾದ ಹೊತ್ತಿಗೆ ಗಿರಣಿ ತಟ್ಟನೆ ನಿಂತಿತು. ಎಲ್ಲರೂ ಗಾಬರಿಯಾಗಿ ನೋಡಿದರೆ ನೀಲಗಂಗವ್ವ ಹಗ್ಗ ಹಿಡಿದು ನಿಂತಿದ್ದಾಳೆ. "ಚಾ ಬಂದೈತಿ. ಎಷ್ಟಂತ ಒದರ್ಲಿ?" ಎಂದಳು. ಕೊಟ್ರೇಶ ರೇಗಿದ. ಜ್ಯೋತಿಲಕ್ಷ್ಮಿ ಮಾತ್ರ ಅವಳ ಪಕ್ಕ ಕುಳಿತು ಮೆಲ್ಲಗೆ ಹೇಳಿದಳು, "ದೊಡ್ಡವ್ವಾ, ಇದನ್ನ ಸುಮ್ನ ಸುಮ್ನ ಜಗ್ಗಿದ್ರ ಖರೇ ಜಗ್ಗಿದಾಗ ಯಾರೂ ಹೊಳ್ಳಿ ನೋಡಂಗಿಲ್ಲ." ನೀಲಗಂಗವ್ವ ತಲೆಯಾಡಿಸಿದಳು. ಅಂಗಿಯನ್ನು ಮಾತ್ರ ಅವಳು ಇನ್ನೂ ತೊಟ್ಟಿರಲಿಲ್ಲ. ನವಿಲುಗರಿಯದು ಅವಳಿಗೆಂದು ಗೂಟದಲ್ಲಿ ತೂಗುತ್ತಿತ್ತು.

ಹಾಗೇ ಕೆಲವು ವಾರ ಕಳೆದವು. ಒಂದು ದಿನ ಹಾವೇರಿಯ ವ್ಯಾಪಾರಿ ಅಂದಾನೆಪ್ಪ ಖಾರದ ಪುಡಿ ನೋಡಲು ಬಂದರು. ಕೊಟ್ರೇಶ ಹುರುಪಿನಿಂದ ಅವರಿಗೆ ಗಿರಣಿಯನ್ನೆಲ್ಲ ತೋರಿಸುತ್ತಿದ್ದ. ಹಿಂದಿನ ಮೂಲೆಯಲ್ಲಿ ಜರಡಿ ಅಲ್ಲಾಡಿಸುವ ಒಂದು ತಿರುಗು ಸರಳಿತ್ತು. ಅಷ್ಟು ಸಣ್ಣದಕ್ಕೆ ಮುಚ್ಚಳ ಬೇಕೆಂದು ಯಾರಿಗೂ ಅನ್ನಿಸಿರಲಿಲ್ಲ. ಕೊಟ್ರೇಶ ಹಿಡಿ ಪುಡಿ ತೆಗೆಯಲು ಬಗ್ಗಿದ. ಕೊರಳಿಗೆ ಸುತ್ತಿಕೊಂಡಿದ್ದ ಟವೆಲಿನ ತುದಿ ಸರಳಿಗೆ ತಗುಲಿತು, ಸುತ್ತಿತು. ಅವನ ತಲೆ ಕೆಳಕ್ಕೆ ಜಗ್ಗಿತು. ಅಂದಾನೆಪ್ಪನವರು "ಅಯ್ಯಯ್ಯೋ" ಎನ್ನುತ್ತ ಅವನ ಸೊಂಟ ಹಿಡಿದರು.

ಗಿರಣಿ ನಿಂತಿತು.

ಗೋಡೆಯ ಪಕ್ಕ ನೀಲಗಂಗವ್ವ ಎರಡೂ ಕೈಯಲ್ಲಿ ಹಗ್ಗ ಬಿಗಿಹಿಡಿದು ನಿಂತಿದ್ದಳು. ರಫೀಕ್ ಓಡಿಬಂದು ಟವೆಲು ಬಿಡಿಸಿದ. ಕೊಟ್ರೇಶ ಕೆಮ್ಮುತ್ತ ಎದ್ದು ಕುಳಿತ. ಕೊರಳಿನ ಸುತ್ತ ಕೆಂಪು ಬರೆ, ಅಷ್ಟೇ. ಅವನು ನೀಲಗಂಗವ್ವನ ಕಡೆ ನೋಡಿದ. ಅವಳಿಗೆ ಅಳುವೂ ನಗುವೂ ಒಟ್ಟಿಗೇ ಬಂದವು.

"ಈ ಸಲ ಚಾಕ್ಕ ಅಲ್ರಿ, ಸಾವ್ಕಾರ್ರ," ಎಂದಳು.

ಕೊಟ್ರೇಶ ಅವಳ ಕಾಲು ಮುಟ್ಟಿ ನಮಸ್ಕರಿಸಿದ. ಆಮೇಲೆ ಟವೆಲನ್ನು ಮೂಲೆಗೆಸೆದು, "ಜ್ಯೋತಕ್ಕಾ, ನನಗೂ ಒಂದು ಅಂಗಿ ಕೊಡ್ರಿ," ಎಂದ. ಉಳಿದದ್ದು ಒಂದೇ ಇತ್ತು, ಕೇಸರಿ ಚೆಂಡುಹೂವಿನದು. ಹೊಟ್ಟೆ ದೊಡ್ಡದಾದ್ದರಿಂದ ಬೆನ್ನಿನ ಬಟನ್ ಕಷ್ಟಪಟ್ಟು ಕೂಡಿದವು. ಅವನು ಸಂಜೆಯವರೆಗೆ ಅದನ್ನೇ ಹಾಕಿಕೊಂಡು ಲಾರಿಗೆ ಚೀಲ ತುಂಬಿಸಿದ. ಬೀದಿಯಲ್ಲಿ ಹೋಗುವವರು ನಿಂತು ನೋಡಿದರೂ ತೆಗೆಯಲಿಲ್ಲ. ಅದನ್ನು ಕಂಡ ನೀಲಗಂಗವ್ವ ಗೂಟದಿಂದ ನವಿಲುಗರಿಯ ಅಂಗಿ ತೆಗೆದು ತೊಟ್ಟುಕೊಂಡಳು. "ಗಂಡಸಿಗೆ ಇಷ್ಟ ಛಂದ ಕಾಣತೈತಿ ಅಂದ್ರ ನನಗೇನಾತು," ಎಂದಳು. ರಫೀಕ್ ಮರುದಿನ ಜರಡಿಯ ಸರಳಿಗೂ ಮುಚ್ಚಳ ಹಾಕಿದ.

ಅಂದಾನೆಪ್ಪನವರು ಈ ಕತೆಯನ್ನು ಹಾವೇರಿಯ ತುಂಬ ಹೇಳಿದರು. ಗುತ್ತಲದಿಂದ ಹಿಟ್ಟಿನ ಗಿರಣಿಯವರು ಬಂದು ಅಂಗಿ ಕೇಳಿದರು. ಆಮೇಲೆ ಬ್ಯಾಡಗಿಯ ಬೇರೆ ಗಿರಣಿಗಳವರು. ಕುಲ್ಸುಮಬಿ ಇನ್ನೊಂದು ಹೊಲಿಗೆ ಯಂತ್ರ ಹಾಕಿದಳು. ಜ್ಯೋತಿಲಕ್ಷ್ಮಿ ಗಿರಣಿ ಬಿಟ್ಟು ಅವಳ ಜೊತೆ ಸೇರಿದಳು. ಬಿಡು ಬಿಡು ಎಂದು ಹಿಂದೆ ಬಿದ್ದಿದ್ದ ಯಲ್ಲೇಶ, "ಈಗ ಇನ್ನೂ ಹತ್ತು ಗಿರಣಿಗೆ ಹೋಗ್ತಾಳ," ಎಂದು ಗೆಳೆಯರ ಮುಂದೆ ಹೇಳಿಕೊಂಡು ನಗುತ್ತಾನೆ.

ಕಳೆದ ತಿಂಗಳು ರಾಣೇಬೆನ್ನೂರಿನ ಹತ್ತಿ ಗಿರಣಿಯೊಂದರಿಂದ ಕರೆ ಬಂತು. ಇಬ್ಬರೂ ಹೋದರು. ಅಲ್ಲಿ ಪ್ರಿಯಾಂಕಾ ಎಂಬ ಹುಡುಗಿಯ ಜಡೆ ಮೊಣಕಾಲು ಮುಟ್ಟುತ್ತಿತ್ತು. ಯಂತ್ರದ ಹತ್ತಿರ ಹೋಗಬೇಕಾದರೆ ಅದನ್ನು ಕತ್ತರಿಸಬೇಕಾಗುತ್ತದೋ ಏನೋ ಎಂದು ಅವಳು ಮುಖ ಸಣ್ಣದು ಮಾಡಿಕೊಂಡಿದ್ದಳು.

"ಯಾಕ ಕತ್ತರಸ್ತಿ? ಅದಕ್ಕೂ ಒಂದು ಮನಿ ಕಟ್ಟೂಣು," ಎಂದಳು ಜ್ಯೋತಿಲಕ್ಷ್ಮಿ.

ಕುಲ್ಸುಮಬಿ ಜಡೆಯನ್ನು ನೆತ್ತಿಯ ಮೇಲೆ ಸುರುಳಿ ಸುತ್ತಿ, ಟೇಪು ಹಿಡಿದು ಅಳೆದಳು. ಹುಡುಗಿ ಕನ್ನಡಿಯಲ್ಲಿ ನೋಡಿಕೊಂಡು ನಗತೊಡಗಿದಳು. ಮುಂದಿನ ವಾರ ದಾಸವಾಳದ ಬಟ್ಟೆಯಲ್ಲಿ, ಹಿಂದೆ ಎಲಾಸ್ಟಿಕ್ ಇದ್ದ ದುಂಡನೆಯ ಟೊಪ್ಪಿಗೆಗಳು ತಯಾರಾದವು. ಅವನ್ನು ಕೊಟ್ಟು ಮರಳುವಾಗ ಜ್ಯೋತಿಲಕ್ಷ್ಮಿ ಒಂದನ್ನು ತನ್ನ ತಲೆಗೂ ಹಾಕಿಕೊಂಡು ಕುಲ್ಸುಮಬಿಯ ಜೊತೆ ಬಸ್ ಹತ್ತಿದಳು. ಕಿಟಕಿಯಿಂದ ಗಾಳಿ ಬೀಸಿದರೂ ಕೂದಲು ಒಂದೆಳೆ ಹಾರಲಿಲ್ಲ.

ಕಂಡಕ್ಟರ್ ಅವಳನ್ನು ಮೇಲೆ ಕೆಳಗೆ ನೋಡಿದ. "ಯಾವ ನಾಟಕ ಕಂಪನೀರಿ?"

"ಖಾರದ ಗಿರಣಿ ಕಂಪನೀರಿ," ಎಂದಳು ಜ್ಯೋತಿಲಕ್ಷ್ಮಿ. "ಎರಡು ಬ್ಯಾಡಗಿ ಕೊಡ್ರಿ."