ನಮ್ಮ ಬೀದಿಯ ಗುಂಡಿ ಬೇರೆ ರಾಜ್ಯದ್ದಾದ ಕಥೆ

ಹೇರೋಹಳ್ಳಿಯ ಹೊಸ ಬಡಾವಣೆಯಲ್ಲಿ ನಾವು ಮನೆ ಕಟ್ಟಿದ ವರ್ಷವೇ ಬೀದಿಯಲ್ಲಿ ದೊಡ್ಡದೊಂದು ಗುಂಡಿ ಬಿತ್ತು. ಮಳೆ ನಿಂತ ಒಂದು ಬೆಳಿಗ್ಗೆ ಅದರ ಫೋಟೊ ತೆಗೆದು ರಸ್ತೆ ನೋಡಿಕೊಳ್ಳುವ ಇಂಜಿನಿಯರಿಗೂ, ಬೀದಿಯವರ ವಾಟ್ಸಾಪ್ ಗ್ರೂಪಿಗೂ ಕಳಿಸಿದೆ. ಗ್ರೂಪಿನಲ್ಲಿ ಹನ್ನೊಂದು ಜನ ಕೈಮುಗಿದ ಚಿತ್ರ ಹಾಕಿ ಸುಮ್ಮನಾದರು.

ಚುನಾವಣೆ ಹತ್ತಿರ ಬಂದಿತ್ತು. ಹದಿನೈದು ದಿನದಲ್ಲಿ ಅದೇ ಫೋಟೊ ನಮ್ಮ ಗ್ರೂಪಿಗೇ ಮರಳಿ ಬಂತು. ಇದು ಪಕ್ಕದ ರಾಜ್ಯದ ರಸ್ತೆ, ಆ ಪಕ್ಷಕ್ಕೆ ಓಟು ಹಾಕಿದರೆ ನಮಗೂ ಇದೇ ಗತಿ ಎಂದು ಅದರ ಮೇಲೆ ಕೆಂಪಕ್ಷರದಲ್ಲಿ ಬರೆದಿತ್ತು. ಕಳಿಸಿದವರು ಮೂಲೆಮನೆಯ ಯಜಮಾನರು. ಮೂವತ್ತು ವರ್ಷ ಕಡತ ಓದಿ ನಿವೃತ್ತರಾದ ಸರ್ಕಾರಿ ನೌಕರರು. ಫೋಟೊದಲ್ಲಿ ಗುಂಡಿಯ ಹಿಂದೆ ಕಾಣುತ್ತಿದ್ದದ್ದು ಅವರದೇ ಹಸಿರು ಗೇಟು, ಅದರ ಮೇಲೆ ಒಣಹಾಕಿದ್ದ ಅವರದೇ ಪಂಚೆ.

ನೇರ ಅವರ ಮನೆಗೆ ಹೋದೆ.

"ಸಾರ್, ಇದು ನಿಮ್ಮ ಗೇಟು."

ಅವರು ಕನ್ನಡಕ ಏರಿಸಿ ನೋಡಿದರು. "ಹಂಗೇ ಕಾಣತ್ತೆ. ಆದ್ರೆ ಬೇರೆ ರಾಜ್ಯ ಅಂತ ಬರೆದಿದಾರಲ್ಲ. ಸುಮ್ಸುಮ್ನೆ ಬರೀತಾರಾ?"

"ಬಾಗಿಲಿಂದ ಒಂದ್ಸಲ ಆಚೆ ನೋಡಿ ಸಾರ್. ಗುಂಡಿ ಅಲ್ಲೇ ಇದೆ."

ನೋಡಲಿಲ್ಲ. "ಇಂಥ ಗೇಟು ಸಾವಿರ ಇರತ್ತೆ ಕಣ್ರೀ. ಸುಳ್ಳೇ ಅಂತಿಟ್ಕೊಳ್ಳಿ, ಅವ್ರು ಬಂದ್ರೆ ಹಿಂಗೇ ಆಗೋದು."

ಈ ಮನುಷ್ಯನ ಒಂದು ಸಹಿಗಾಗಿ ಎಷ್ಟು ಜನ ಅವರ ಮೇಜಿನ ಮುಂದೆ ಕಾದು ನಿಂತಿದ್ದರೋ! ನನಗೆ ಹೇಸಿಗೆಯಾಯಿತು.

ವಿಜಯನಗರದಲ್ಲಿರುವ ನನ್ನ ಹೆಂಡತಿಯ ತಮ್ಮ ಇನ್ನೊಂದು ಪಕ್ಷದ ಭಕ್ತ. ಅವನು ಅದೇ ಗುಂಡಿಯನ್ನು ಉತ್ತರ ಭಾರತದ ಯಾವುದೋ ಊರಿನದೆಂದು ನನಗೇ ಕಳಿಸಿದ. ಫೋನ್ ಮಾಡಿ ನಿಜ ಹೇಳಿದರೆ, "ಭಾವ, ನಮ್ಮೋರು ಸುಳ್ಳು ಹಾಕಲ್ಲ" ಅಂದ. ಇಬ್ಬರಲ್ಲಿ ಯಾರು ಹೆಚ್ಚು ದಡ್ಡರೆಂದು ನಾನು ಇನ್ನೂ ತೀರ್ಮಾನಿಸಿಲ್ಲ.

ಕೊನೆಗೆ ಗುಂಡಿ ಯಾವಾಗ ಮುಚ್ಚುತ್ತೀರಿ ಎಂದು ಇಂಜಿನಿಯರನ್ನೇ ಕೇಳಿದೆ.

"ಅದು ಫೇಕ್ ಫೋಟೊ ಸಾರ್, ನಮ್ಗೂ ಬಂದಿದೆ. ಬೇರೆ ಸ್ಟೇಟ್‌ದು. ನಿಮ್ಮ ಕಂಪ್ಲೇಂಟ್ ಕ್ಲೋಸ್ ಮಾಡಿದೀನಿ."

ಭಾನುವಾರ ನಾನೇ ಜಲ್ಲಿ ತಂದು ಗುಂಡಿಗೆ ಸುರಿಯತೊಡಗಿದೆ. ಮೂಲೆಮನೆಯ ಯಜಮಾನರು ಗೇಟಿನೊಳಗೆ ಕುರ್ಚಿಯಲ್ಲಿ ಕೂತು ಫೋನ್ ಒತ್ತುತ್ತಲೇ ಇದ್ದರು. ಅವರ ಹೆಂಡತಿ ಬಾಂಡ್ಲಿಯಲ್ಲಿ ಇಟ್ಟಿಗೆ ಚೂರು ತುಂಬಿಕೊಂಡು ಬಂದು ಹಾಕಿದರು.

"ನೀವಾದ್ರೂ ಅವ್ರಿಗೆ ಹೇಳಬಾರದಾ?" ಅಂದೆ.

"ಹೇಳ್ದೆ. ಮೊನ್ನೆ ಇದ್ರಲ್ಲೇ ಕಾಲು ಉಳುಕಿಸ್ಕೊಂಡ್ರು. ಅದಕ್ಕೂ ಆ ಪಕ್ಷದೋರೇ ಕಾರಣ ಅಂತೆ," ಎಂದು ಬಾಂಡ್ಲಿ ಕೊಡವಿ, ಇನ್ನಷ್ಟು ಚೂರು ತರಲು ಒಳಗೆ ಹೋದರು.

ಮಧ್ಯಾಹ್ನದೊಳಗೆ ನೆಲ ಸಮವಾಯಿತು. ಕೈ ತೊಳೆದುಕೊಂಡು ಬಂದವನೇ ಆ ಗ್ರೂಪ್ ಬಿಟ್ಟೆ. ಯಾಕೆಂದು ಯಾರೂ ಕೇಳಲಿಲ್ಲ.