ಮಳೆಗಾಲದ ದರ

ಸೂರು ತೆಗೆಯಬಹುದಾದ ಕಾರು ಬೇಕು ಎಂದು ನನ್ನ ಗಂಡ ಹೇಳಿದ ದಿನ ನನಗೆ ಬಂದದ್ದು ನಗುವಲ್ಲ, ಸಿಟ್ಟು. ಗೋವಾದ ಸಾವರ್ಡೆಯಲ್ಲಿ ತಾಡಪತ್ರಿ, ಛತ್ರಿ, ರೇನ್‌ಕೋಟು ಮಾರಿ ಬದುಕಿದ ಮನೆ ನಮ್ಮದು. ಬೆಳಗಾವಿಯಿಂದ ಬಂದು ಅಂಗಡಿ ಹಾಕಿದಾಗ ಅದಿರಿನ ಲಾರಿಗಳಿಗೆ ಹೊದಿಸುವ ತಾಡಪತ್ರಿಯೇ ನಮಗೆ ಅನ್ನ ಹಾಕಿತು. ಊರಿಗೆಲ್ಲ ಮುಚ್ಚಿಗೆ ಮಾರಿದ ಮನುಷ್ಯನಿಗೆ ಈ ವಯಸ್ಸಿನಲ್ಲಿ ಬಯಲು ಗಾಡಿಯ ಹುಚ್ಚು ಹಿಡಿದರೆ ಯಾರ ಮುಂದೆ ಹೇಳಿಕೊಳ್ಳುವುದು?

ಆದರೆ ಹುಚ್ಚಲ್ಲ ಅದು. ಅವರಿಗೆ ಎಲುಬಿನ ಕೀಲುಗಳು ಒಂದಕ್ಕೊಂದು ಬೆಸೆದುಕೊಳ್ಳುವ ಕಾಯಿಲೆ. ಮೊದಲು ಬೆನ್ನು ಹೋಯಿತು, ಆಮೇಲೆ ಕುತ್ತಿಗೆ. ಸೊಂಟ ಅರ್ಧಂಬರ್ಧ ಮಡಚುತ್ತಿತ್ತು, ಹಾಗಾಗಿ ಒರಗಿಸಿದ ಗಾಲಿಕುರ್ಚಿಯಲ್ಲಿ ಅಂಗಡಿಯ ಗಲ್ಲೆಯ ಪಕ್ಕ ಕೂರಿಸುತ್ತಿದ್ದೆವು. ಕಾರಿನಲ್ಲಿ ಮಾತ್ರ ಕೂರಿಸಲು ಆಗುತ್ತಿರಲಿಲ್ಲ. ಕಾರಿನ ಬಾಗಿಲಲ್ಲಿ ತಲೆ ತಗ್ಗಿಸಬೇಕು, ಮೈ ತಿರುಗಿಸಬೇಕು, ಅವರಿಂದ ಎರಡೂ ಆಗದು. ಎಲ್ಲಿಗೆ ಹೋಗುವುದಿದ್ದರೂ ಆಂಬುಲೆನ್ಸಿನಲ್ಲಿ ಅಂಗಾತ ಮಲಗಿಯೇ ಹೋಗಬೇಕು. ಎರಡು ವರ್ಷದಿಂದ ಅವರು ಕಂಡ ಗೋವಾ ಎಂದರೆ ಆಂಬುಲೆನ್ಸಿನ ಒಳಮಾಡು.

ಒಂದು ದಿನ ನನ್ನ ಮೈದುನನ ಫೋನಿನಲ್ಲಿ ಅಂಥ ಕಾರಿನ ವಿಡಿಯೊ ನೋಡಿದರು. ಗುಂಡಿ ಒತ್ತಿದರೆ ಸೂರು ತಾನೇ ಮಡಚಿಕೊಂಡು ಹಿಂದೆ ಹೋಗುತ್ತದೆ.

"ಮ್ಯಾಲಿಂದ ಇಳಿಸಿದ್ರ ಆತಲ್ಲ" ಎಂದರು. "ಸೂರ ಇಲ್ಲಂದ್ರ ತಲಿ ಯಾಕ ಬಗ್ಗಸಬೇಕು?"

ತೆರೆದ ಜೀಪು ತಗೊಳ್ಳಿ ಎಂದು ಅಕ್ಕಪಕ್ಕದವರು ಹೇಳಿದರು. ಜೀಪಿನ ಸೀಟು ಎತ್ತರ, ನೆಟ್ಟಗೆ ಕೂರಬೇಕು, ಮೇಲಾಗಿ ಕುಲುಕಾಟ. ಈ ಶ್ರೀಮಂತರ ಗಾಡಿಗಳಲ್ಲಿ ಸೀಟು ನೆಲಕ್ಕೆ ಹತ್ತಿರ, ಕಾಲು ಚಾಚಿ ಅರೆ ಒರಗಿ ಕೂರಬಹುದು. ಹಿಂದಿನಿಂದ ಗಾಲಿಕುರ್ಚಿ ಹತ್ತಿಸುವ ವ್ಯಾನು ಬರುತ್ತದಲ್ಲ ಎಂದು ನಾನು ಕೇಳಿದ್ದಕ್ಕೆ, "ನಾ ಏನ್ ಗ್ಯಾಸ್ ಸಿಲಿಂಡರ್ ಏನು, ಹಿಂದಿಂದ ಉರುಳಿಸಿ ಏರ್ಸಾಕ?" ಎಂದು ಗದರಿದರು.

ಹೊಸ ಗಾಡಿಯ ದರ ಕೇಳುವುದೇ ಬೇಡ. ವೆರ್ಣಾದ ಕಾರ್ಖಾನೆಗಳ ಹಿಂದೆ ಹಳೆಯ ಕಾರು ಮಾರುವವನೊಬ್ಬನಿದ್ದ, ಹುಬ್ಬಳ್ಳಿ ಕಡೆಯವನು. ಮುಂಬೈ, ದಿಲ್ಲಿಯಿಂದ ಬಂದು ಇಲ್ಲಿ ಬಂಗಲೆ ಹಿಡಿದು, ಎರಡು ಮಳೆಗಾಲ ಕಂಡು ಓಡಿಹೋಗುವವರ ಗಾಡಿಗಳೆಲ್ಲ ಅವನ ಅಂಗಳದಲ್ಲಿ. ಏಪ್ರಿಲಿನಲ್ಲಿ ನಾವು ಕಾರು ನೋಡಲು ಆಂಬುಲೆನ್ಸಿನಲ್ಲಿ ಹೋದೆವು. ಆಂಬುಲೆನ್ಸು ಗೇಟಿನೊಳಗೆ ಬಂದದ್ದು ಕಂಡು ಅವನು, "ಯಾರಿಗೇನ್ ಆತ್ರಿ?" ಎಂದು ಚಪ್ಪಲಿ ಮೆಟ್ಟದೆ ಓಡಿ ಬಂದ.

ಅಲ್ಲಿ ಎರಡು ಗಾಡಿ ಇದ್ದವು. ಒಂದು ಕೆಂಪು, ಅದಕ್ಕೆ ಮಡಚುವ ತಗಡಿನ ಸೂರು. ಇನ್ನೊಂದು ಬೂದು, ಅದಕ್ಕೆ ಬಟ್ಟೆಯ ಸೂರು. ನನಗೆ ಕೆಂಪೇ ಹಿಡಿಸಿತ್ತು. ನಮ್ಮವರು ಕುರ್ಚಿಯಲ್ಲಿ ಒರಗಿಕೊಂಡೇ ಎರಡನ್ನೂ ತೆಗೆಸಿದರು, ಹಾಕಿಸಿದರು, ಸದ್ದು ಕೇಳಿದರು. ಆಮೇಲೆ ಬೂದು ಗಾಡಿಯ ಸೂರಿನ ಅಂಚನ್ನು ಎರಡು ಬೆರಳಲ್ಲಿ ಹಿಡಿದು ಉಜ್ಜಿದರು, ಅಂಗಡಿಯಲ್ಲಿ ಹೊಸ ಮಾಲು ಬಂದಾಗ ಉಜ್ಜುವ ಹಾಗೆ.

"ಕೆಂಪಿದು ಬ್ಯಾಡ. ತಗಡು ಮಡಚಾಕ ಎಷ್ಟೊಂದು ಮೋಟರ್ ಅದಾವ, ಒಂದು ಕೈ ಕೊಟ್ರ ಸೂರು ಅರ್ಧಕ್ಕ ನಿಂತಿರ್ತೈತಿ. ಅರಿವಿದಾದ್ರ ನನಗ ತಿಳಿತೈತಿ."

ಕಾರು ಮಾರುವವನ ಮೆಕ್ಯಾನಿಕ್ಕು ಪ್ರಾಮಾಣಿಕ, ಪಾಪ. ಕೇಳಿದ್ದಕ್ಕೆಲ್ಲ ಇದ್ದದ್ದು ಇದ್ದ ಹಾಗೆ ಹೇಳಿದ. ಬ್ರೇಕು ಪೂರ್ತಿ ಬದಲಿಸಿದರೆ ಲಕ್ಷ ಮೀರುತ್ತದೆ. ಟೈರುಗಳಿಗೆ ಅದಕ್ಕೂ ಹೆಚ್ಚು, ಸ್ಟೆಪ್ನಿ ಎನ್ನುವುದೇ ಇಲ್ಲ. ಸೂರು ಎತ್ತುವ ಪಂಪು ಕೆಟ್ಟರೆ ಮುಂಬೈಯಿಂದ ತರಿಸಬೇಕು. ಸಮುದ್ರದ ಗಾಳಿಗೆ ಅಡಿಭಾಗ ತುಕ್ಕು ಹಿಡಿಯುತ್ತದೆ, ನಿಲ್ಲಿಸಿಟ್ಟರೆ ಬ್ಯಾಟರಿ ಸಾಯುತ್ತದೆ, ಆ ದೊಡ್ಡ ಎಂಜಿನ್ನಿಗೆ ಸಾದಾ ಪೆಟ್ರೋಲು ಸೇರುವುದೇ ಇಲ್ಲ.

"ಇದು ಹೊಸಾ ಸೊಸಿಕಿಂತ ನಾಜೂಕ ಐತಲ್ಲೋ" ಎಂದೆ. ಎಲ್ಲರೂ ನಕ್ಕರು, ಕುತ್ತಿಗೆ ಆಡದ ನಮ್ಮವರೂ ನಕ್ಕರು.

ಮೈದುನ ಮತ್ತು ಆಂಬುಲೆನ್ಸಿನ ಹುಡುಗ ಸೇರಿ ಅವರನ್ನು ಎತ್ತಿ, ತೊಟ್ಟಿಲಿಗೆ ಕೂಸನ್ನು ಇಳಿಸುವಂತೆ ಮೇಲಿನಿಂದ ಸೀಟಿಗೆ ಇಳಿಸಿದರು. ಎಲ್ಲಿಯೂ ತಾಗಲಿಲ್ಲ, ನೋಯಲಿಲ್ಲ. ಮೈದುನ ಗಾಡಿ ಹೊರಡಿಸಿದ. ನಾನು ಹಿಂದಿನ ಚೋಟುದ್ದದ ಸೀಟಿನಲ್ಲಿ ಕಾಲು ಮಡಚಿಕೊಂಡು ಕೂತೆ. ಕೊರ್ತಾಲಿಮ್ ದಾಟಿ ಝುವಾರಿ ಸೇತುವೆ ಹತ್ತುವ ಮೊದಲು ವಾಹನಗಳು ಸಾಲುಗಟ್ಟಿ ನಿಂತಿದ್ದವು. ಪಕ್ಕದ ಲಾರಿಯಿಂದ ಒಬ್ಬ ಡ್ರೈವರ್ ಅರ್ಧ ಮೈ ಹೊರಗೆ ಹಾಕಿದ. ನಮ್ಮ ಹಳೆಯ ಗಿರಾಕಿ, ವಿಜಯಪುರದ ಕಡೆಯವನು.

"ಸಾವ್ಕಾರ್ರ! ಏನ್ ಗಾಡಿ ತಗೊಂಡ್ರಿ! ನಮ್ಮನ್ನ ಮರತ ಬಿಟ್ರಲ್ರಿ!"

"ನಿನ್ನ ತಾಡಪತ್ರಿ ಹರದೈತಿ ನೋಡಲೇ, ಇಲ್ಲಿಂದ ಕಾಣಾಕತ್ತೈತಿ" ಎಂದು ಇವರು ಕೂಗಿದರು. "ಅಂಗಡಿಗೆ ಬಾ!"

"ಬರ್ತೇನ್ರಿ, ಬರ್ತೇನ್ರಿ!"

ಅಷ್ಟೇ. ಬೆನ್ನು ಹೇಗಿದೆ ಎಂದು ಅವನು ಕೇಳಲಿಲ್ಲ, ಅಯ್ಯೋ ಎನ್ನಲಿಲ್ಲ. ಆ ಸೀಟಿನಲ್ಲಿ ಎಲ್ಲರೂ ಒರಗಿಯೇ ಕೂರುತ್ತಾರೆ, ಇವರೂ ಒರಗಿ ಕೂತಿದ್ದರು. ಅವನ ಕಣ್ಣಿಗೆ ಇವರು ಹವಾ ಸೇವನೆಗೆ ಹೊರಟ ಸಾಹುಕಾರ. ಎರಡು ವರ್ಷದ ಮೇಲೆ ಮೊದಲ ಸಲ ಯಾರೋ ಅವರೊಡನೆ ಮಾಮೂಲಿ ಮಾತಾಡಿದ್ದರು. ಸೇತುವೆ ದಾಟಿ ತಿರುಗಿದಾಗ ಇವರು ತಮ್ಮನಿಗೆ, "ಇನ್ನೊಂದು ಸಲ ಹೋಗೂಣು, ಮೆಲ್ಲಕ ಹೊಡಿ" ಎಂದರು. ಅವರ ದನಿ ಹಾಗೆ ನಡುಗಿದ್ದನ್ನು ನಾನು ನಮ್ಮ ಮದುವೆಯಲ್ಲಿಯೂ ಕೇಳಿರಲಿಲ್ಲ.

ಕಾರು ಮಾರುವವನ ಅಂಗಳಕ್ಕೆ ವಾಪಸು ಬಂದ ಕೂಡಲೇ ಇವರ ಮುಖ ಕಲ್ಲು. ಅದು ಅವರ ವ್ಯಾಪಾರದ ಮುಖ, ನನಗೆ ಗೊತ್ತು. ಅವನು ಇಪ್ಪತ್ತೆಂಟು ಲಕ್ಷ ಎಂದ. ಇವರು "ನೋಡೂಣು" ಎಂದು ತಮ್ಮನ್ನು ಆಂಬುಲೆನ್ಸಿಗೆ ಹತ್ತಿಸಲು ಹೇಳಿದರು.

ಮನೆಗೆ ಬಂದು, ಯಾಕೆ ತಗೊಳ್ಳಲಿಲ್ಲ ಎಂದು ನಾನು ಹಾರಾಡಿದೆ. ಮಡಗಾಂವದ ಪ್ಲಾಟು ಮಾರಿದ ಹಣ ಬ್ಯಾಂಕಿನಲ್ಲಿ ಕೊಳೆಯುತ್ತಿತ್ತು. ಮಕ್ಕಳಿಲ್ಲ ಮರಿಯಿಲ್ಲ, ಯಾರಿಗಾಗಿ ಇಡುವುದು?

"ಬ್ಯಾಸಗ್ಯಾಗ ಯಾರರ ಇದನ್ನ ತಗೊಳ್ತಾರೇನು?" ಎಂದರು ಶಾಂತವಾಗಿ. "ಮಳಿ ಬೀಳ್ಲಿ. ಗೋವಾದಾಗ ಜುಲೈ ತಿಂಗಳ ಬಯಲ ಗಾಡಿ ಕೇಳಾಂವ ನಾಯಿನೂ ಇರಂಗಿಲ್ಲ. ಆವಾಗ ದರ ಹೆಂಗ ಇಳಿತೈತಿ ನೋಡು. ಮತ್ತ ಅರಿವಿ ಸೋರತೈತೋ ಇಲ್ಲೋ ಬಿಸಿಲಾಗ ಹೆಂಗ ತಿಳಿತೈತಿ ಹೇಳು?"

ಅವರ ಅಪ್ಪ, ಅಜ್ಜ ಎಲ್ಲ ಹಾಗೆಯೇ ಬದುಕಿದವರು. ಛತ್ರಿಯನ್ನು ದೀಪಾವಳಿಯಲ್ಲಿ ಕೊಂಡು, ಕಂಬಳಿಯನ್ನು ಯುಗಾದಿಯಲ್ಲಿ ಕೊಂಡು, ಕಾಲ ಬಂದಾಗ ಮಾರಿದವರು. ಬೇಕಾದ ಹೊತ್ತಿನಲ್ಲಿ ಬೇಕಾದದ್ದನ್ನು ಕೊಳ್ಳುವುದೆಂದರೆ ನಮ್ಮ ಮನೆಯಲ್ಲಿ ನಾಚಿಕೆಗೇಡು. ಆದರೂ ನಾನು ಬಿಡಲಿಲ್ಲ. ಸೊಂಟವನ್ನು ದಿನಾ ಕೂರಿಸಿ ಮಡಚುತ್ತಿರಬೇಕು, ಮಲಗಿಸಿಟ್ಟರೆ ಅದೂ ಕಟ್ಟಿಕೊಳ್ಳುತ್ತದೆ ಎಂದು ಡಾಕ್ಟರು ಹೇಳಿದ್ದನ್ನು ನೆನಪಿಸಿದೆ.

"ಎರಡ್ಮೂರ ತಿಂಗಳಾಗ ಎಲುಬೇನ್ ಓಡಿ ಹೊಕ್ಕಾವೇನು? ಸುಮ್ನಿರು."

ಮಳೆ ಹಿಡಿಯಿತು. ವೆರ್ಣಾದವನು ತಾನಾಗಿಯೇ ಫೋನು ಮಾಡತೊಡಗಿದ. ಇಪ್ಪತ್ತಾರು ಎಂದ. ಇವರು ಎತ್ತಲೇ ಇಲ್ಲ. ಇಪ್ಪತ್ನಾಲ್ಕು ಎಂದು ಮೈದುನನಿಗೆ ಹೇಳಿ ಕಳಿಸಿದ. ಇವರು ಮುಗುಳ್ನಕ್ಕರು. ಕೊನೆಗೆ ಜಡಿಮಳೆಯಲ್ಲಿ ತಮ್ಮನನ್ನು ಕಳಿಸಿ, ಗಾಡಿಯನ್ನು ಬಯಲಲ್ಲಿ ನಿಲ್ಲಿಸಿ, ಒಳಗೆ ಹಳೆಯ ಪೇಪರು ಹಾಸಿಸಿ ಪರೀಕ್ಷೆ ಮಾಡಿಸಿದರು. ಹಿಂದಿನ ಮೂಲೆಯ ರಬ್ಬರಿನಲ್ಲಿ ಸಣ್ಣಗೆ ಸೋರುತ್ತಿತ್ತು. ಅದೊಂದು ಹನಿಯನ್ನೇ ಹಿಡಿದು ಇಪ್ಪತ್ತೊಂದಕ್ಕೆ ಎಳೆದರು, ರಬ್ಬರನ್ನೂ ಅವನಿಂದಲೇ ಹಾಕಿಸಿಕೊಂಡರು. ಆ ಸಂಜೆ ಅವರು ಬಿಸಿಬಿಸಿ ಮಿರ್ಚಿ ಬಜಿ ಮಾಡಿಸಿ ತಿಂದರು.

ಗಾಡಿ ಮನೆಗೆ ಬರುವ ಹೊತ್ತಿಗೆ ಅವರಿಗೆ ಜ್ವರ. ಎದೆಯಲ್ಲಿ ಕಫ ಕಟ್ಟಿ, ಆಸ್ಪತ್ರೆಯಲ್ಲಿ ವಾರಗಟ್ಟಲೆ ಅಂಗಾತ ಮಲಗಿದರು. ಗಾಡಿ ಗೋದಾಮಿನಲ್ಲಿ ನಿಂತಿತು. ಜ್ವರ ಬಿಟ್ಟಿತು, ಜೀವ ಉಳಿಯಿತು, ದೇವರು ದೊಡ್ಡವನು. ಚೌತಿ ಕಳೆದು ಬಿಸಿಲು ಬಂದ ಒಂದು ಮುಂಜಾನೆ ಮೈದುನ ಗಾಡಿ ತೊಳೆದು ಸೂರು ತೆಗೆದ. ನಾನು ಅವರಿಗೆ ಬಿಳಿ ಅಂಗಿ ತೊಡಿಸಿದೆ. ನಾವಿಬ್ಬರು ಸೇರಿ ಎತ್ತಿ ಮೇಲಿನಿಂದ ಇಳಿಸಿದೆವು.

ಸೊಂಟ ಮಡಚಲಿಲ್ಲ. ಹಿಮ್ಮಡಿ ಮುಂದಿನ ಗಾಜಿನ ಅಂಚಿಗೆ, ತಲೆ ಹಿಂದಿನ ಸೀಟಿಗೆ, ನಡುವೆ ಅವರು ಹಲಗೆಯಂತೆ ಅಡ್ಡಡ್ಡ. ಮೈದುನ, "ಸ್ವಲ್ಪ ಒತ್ತಲೇನು ವೈನಿ?" ಎಂದ. "ಮುಟ್ಟಿದ್ರ ನೋಡು!" ಎಂದು ನಾನು ಚೀರಿದೆ. ಅವರು ಕಣ್ಣು ಮುಚ್ಚಿ, ಹಲ್ಲು ಕಚ್ಚಿ, ಇನ್ನೊಮ್ಮೆ ನೋಡಿ ಎಂದರು. ಇನ್ನೊಮ್ಮೆ ನೋಡಿದೆವು. ಆಮೇಲೆ ಒಳಗೆ ತಂದು ಮಲಗಿಸಿದೆವು. ಮೈದುನ ಹಿತ್ತಿಲಿಗೆ ಹೋಗಿ ಅತ್ತ.

"ಇರ್ಲಿ ಬಿಡು" ಎಂದರು ಇವರು. "ದರ ಮಾತ್ರ ಚಲೋ ಬಂದಿತ್ತು."

ಅವರ ಬಾಯಿಗೆ ಹೊಡೆಯಬೇಕು ಅನ್ನಿಸಿತು ನನಗೆ. ಏಳು ಲಕ್ಷ ಉಳಿಸಿ ಏನು ಬಂತು, ಹಾಳಾದ ಏಳು ಲಕ್ಷ! ಅವರನ್ನು ತಬ್ಬಿಕೊಂಡು ಅಳಬೇಕೂ ಅನ್ನಿಸಿತು. ಎರಡನ್ನೂ ಮಾಡಲಿಲ್ಲ, ಚಹಾಕ್ಕೆ ನೀರಿಟ್ಟೆ.

ಪ್ರವಾಸಿಗಳ ಕಾಲ ಶುರುವಾದಾಗ ವೆರ್ಣಾದವನು ನನಗೆ ಫೋನು ಮಾಡಿದ. ಗಿರಾಕಿ ಬಂದಿದ್ದಾನೆ, ಮೂವತ್ತು ಕೊಡುತ್ತಾನೆ ಎಂದ. ಫೋನಿಗೆ ಅಂಗೈ ಮುಚ್ಚಿಕೊಂಡು ಮಂಚದ ಹತ್ತಿರ ಹೋಗಿ ದರ ಹೇಳಿದೆ. ಮಳೆಯಲ್ಲಿ ಕೊಂಡು ಸೀಸನ್ನಿನಲ್ಲಿ ಮಾರುವುದು, ಇದಕ್ಕಿಂತ ಒಳ್ಳೆಯ ವ್ಯಾಪಾರ ಅವರು ಬದುಕಿನಲ್ಲಿ ಮಾಡಿರಲಿಲ್ಲ. ಮುಖ ಅರಳುತ್ತದೆ ಎಂದುಕೊಂಡಿದ್ದೆ.

"ಬ್ಯಾಡ" ಎಂದರು.

"ಯಾಕ್ರಿ? ಬ್ಯಾಟರಿ, ಇನ್ಶೂರೆನ್ಸು, ಸರ್ವಿಸು ಅಂತ ಸುಮ್ನ ನಿಂತು ರೊಕ್ಕ ತಿನ್ನಾಕತ್ತೈತಿ. ಕುಂತ ಮಾಲು ಇಟ್ಕೊಬಾರದು ಅಂತ ನೀವಾ ಅಂತಿದ್ರಿ."

ಅವರು ಕೋಣೆಯ ಮಾಡನ್ನು ನೋಡುತ್ತಿದ್ದರು. ಬೇರೆ ಕಡೆ ನೋಡಲು ಅವರ ಕುತ್ತಿಗೆ ತಿರುಗುವುದಿಲ್ಲ.

"ಮಾರಿದ್ರ ಊರಿಗೆಲ್ಲಾ ತಿಳಿತೈತಿ, ಇಂವ ಇನ್ನ ಏಳಾಂವ ಅಲ್ಲ ಅಂತ" ಎಂದರು. ಆಮೇಲೆ, "ನನಗೂ ತಿಳಿತೈತಿ" ಎಂದರು.

ನಾನು ಫೋನು ಕಿವಿಗಿಟ್ಟುಕೊಂಡೆ. ಕೊಡುವುದಿಲ್ಲ ಎಂದೆ. ಅಷ್ಟು ದರ ಮತ್ತೆ ಬರುವುದಿಲ್ಲ ಎಂದು ಅವನು ಹಟ ಹಿಡಿದ.

"ಇಲ್ರಿ, ನಮ್ಮನ್ಯಾವರಿಗೆ ಗಾಡಿ ಬೇಕಾಗ್ತೈತ್ರಿ" ಎಂದೆ ಅವರಿಗೆ ಕೇಳುವಷ್ಟು ಗಟ್ಟಿಯಾಗಿ. "ದಿನಾ ಅದರಾಗ ಓಡಾಡಾಕತ್ತಾರ."

"ಹೌದೇನ್ರಿ ಅಕ್ಕಾರ? ಭಾಳ ಚಲೋ ಆತು ಬಿಡ್ರಿ!" ಅವನಿಗೆ ನಿಜವಾಗಿ ಸಂತೋಷವಾಗಿತ್ತು. "ಅಣ್ಣಾರ ಕೈಯಾಗ ಕೊಡ್ರಿ, ಒಂದೆರಡು ಮಾತಾಡ್ತೇನಿ."

"ಮನ್ಯಾಗ ಇಲ್ರಿ" ಎಂದೆ. "ಈಗಷ್ಟ ಹೊರಗ ಹೋದ್ರು."