ಮೂವತ್ತಾರನೆಯ ಪೆಟ್ಟು

ಹೋದ ಶನಿವಾರ ಬೇಲೂರಿನ ನಮ್ಮ ಶಾಲೆಯ ಬಾವಿಗೆಂದು ಹೊಸ ತೆಂಗಿನ ನಾರಿನ ಹಗ್ಗ ಬಂತು. ಸ್ಟಾಕ್ ಪುಸ್ತಕದಲ್ಲಿ ಅದನ್ನು ಬರೆದುಕೊಳ್ಳುವುದು ಗುಮಾಸ್ತೆಯಾದ ನನ್ನ ಕೆಲಸ. ದಾರಿಯಲ್ಲಿ ಮಳೆಗೆ ಸಿಕ್ಕಿ ಹಗ್ಗ ಅರ್ಧ ನೆನೆದಿತ್ತು. ನೆನೆದ ನಾರಿನ ವಾಸನೆಯನ್ನು ನೀವು ಎಂದಾದರೂ ಗಮನಿಸಿದ್ದೀರೋ ಇಲ್ಲವೋ, ನನಗಂತೂ ಅದು ಮೂಗಿಗೆ ಬಿದ್ದರೆ ಕೈ ಸುಮ್ಮನಿರುವುದಿಲ್ಲ. ಹಗ್ಗವನ್ನು ಅಂಗೈಯಲ್ಲಿ ಹಿಡಿದು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನಿಧಾನವಾಗಿ ಸವರಿಕೊಂಡು ಹೋದೆ. ನಮ್ಮ ಜವಾನ ಸ್ವಲ್ಪ ಹೊತ್ತು ನೋಡಿ, ಹಾವಿಗೆ ಹಾಲೆರೆಯುವವಳ ಹಾಗೆ ಕಾಣುತ್ತೀರಿ ಎಂದ. ಹಾಗೆ ಸವರುವುದನ್ನು ಕಲಿಸಿದವರು ಯಾರು ಎಂದು ಹೇಳಹೊರಟರೆ ಅವತ್ತಿನ ಕಚೇರಿ ಮುಗಿದೇಹೋಗುತ್ತಿತ್ತು. ನಿಮಗೆ ಪುರಸೊತ್ತಿದ್ದರೆ ಹೇಳುತ್ತೇನೆ.

ಆಗ ನಾವು ಅರಸೀಕೆರೆಯಲ್ಲಿದ್ದೆವು. ಮನೆಯ ಹಿಂದೆ ಒಂದು ಹಳೆಯ ಕೊಬ್ಬರಿ ಮಂಡಿ, ಅದರ ಹಿಂದೆ ಯಾರದೋ ಖಾಲಿ ಜಾಗ, ನಡುವೆ ಎತ್ತರದ ಗೋಡೆ. ನಾನು ಪಿಯುಸಿಯಲ್ಲಿ ಗಣಿತವೊಂದರಲ್ಲಿ ಫೇಲಾಗಿ, ಮರುಪರೀಕ್ಷೆಗೆ ಓದುವ ನೆಪದಲ್ಲಿ ಮನೆಯಲ್ಲೇ ಇದ್ದೆ. ಡೈರಿ ಬರೆಯುವ ಹುಚ್ಚು ಹತ್ತಿದ್ದೂ ಆಗಲೇ. ಹುಚ್ಚು ಎಂದೆನಲ್ಲ, ಅದು ಅಮ್ಮನ ಮಾತು. ಎಷ್ಟು ರೈಲು ಕೂಗಿದವು, ಎಷ್ಟು ದೋಸೆ ಹರಿದವು, ಅಜ್ಜಿ ದಿನಕ್ಕೆ ಎಷ್ಟು ಸಲ ಸೀನಿದಳು, ಎಲ್ಲಕ್ಕೂ ತಾರೀಖು ಹಾಕಿ ಗೀಟು ಎಳೆಯುತ್ತಿದ್ದೆ. "ಲೆಕ್ಕದಲ್ಲಿ ಫೇಲಾದೋಳು ಊರೋರ ಸೀನು ಎಣಿಸ್ತಾ ಕೂತಿದಾಳೆ ನೋಡಿ" ಎಂದು ಅಮ್ಮ ಬಂದವರಿಗೆಲ್ಲ ಹೇಳುವಳು.

ಒಂದು ಸೋಮವಾರ ಬೆಳಿಗ್ಗೆ ಗೋಡೆಯಾಚೆಯಿಂದ ತಮಟೆಯ ಸದ್ದು ಬಂತು. ಮದುವೆಯ ತಮಟೆಯಲ್ಲ, ಹಬ್ಬದ್ದೂ ಅಲ್ಲ. ಒಂದೊಂದೇ ಪೆಟ್ಟು, ನಡುವೆ ಉಸಿರೆಳೆದುಕೊಳ್ಳುವಷ್ಟು ಬಿಡುವು, ಕೊನೆಯಲ್ಲಿ ಎರಡೂ ಕೋಲು ಕೂಡಿ ಬಾರಿಸಿದ ಒಂದು ಜೋಡಿ ಪೆಟ್ಟು. ನನ್ನ ಕೈ ತಾನಾಗಿಯೇ ಪೆನ್ಸಿಲ್ ಹುಡುಕಿತು. ಮೂವತ್ತಾರು ಪೆಟ್ಟು, ಆಮೇಲೆ ಜೋಡಿ. ಮತ್ತೆ ಮೂವತ್ತಾರು. ಅವತ್ತು ಎಂಟು ಸಲ ಎಣಿಸಿದೆ, ಎಂಟು ಸಲವೂ ಅಷ್ಟೇ.

ಸಂಜೆ ಮಂಡಿಯ ಸಂದಿಯಿಂದ ಹೋಗಿ ನೋಡಿದರೆ ಹಗ್ಗದ ಮೇಲೆ ನಡೆಯುವ ತಿಮ್ಮಣ್ಣ, ತಮಟೆ ಬಾರಿಸುವ ಅವನ ಹೆಂಡತಿ ನಾಗಕ್ಕ. ಐವತ್ತು ದಾಟಿದ, ಒಣಕಲು ಮೈಯ ಗಂಡಸು. ಹಳೇಬೀಡಿನ ಹೈಸ್ಕೂಲಿನವರು ತಮ್ಮ ಸಮಾರಂಭಕ್ಕೆ ಕರೆದಿದ್ದರಂತೆ. ಮಾಮೂಲಿಗಿಂತ ಎರಡರಷ್ಟು ಎತ್ತರದಲ್ಲಿ ಹಗ್ಗ ಕಟ್ಟಿ ನಡೆಯುತ್ತೇನೆಂದು ಇವನು ಮಾತು ಕೊಟ್ಟಿದ್ದ. ಅದಕ್ಕೆ ಇನ್ನು ಆರು ವಾರವಿತ್ತು. ನಾರು ಚೆನ್ನಾಗಿ ಸಿಗುವ ಊರೆಂದು ಇಲ್ಲಿ ಬಂದು ಇಳಿದಿದ್ದರು.

ಹಗ್ಗದ ಆಟವೆಂದರೆ ಹಗ್ಗ ಕಟ್ಟಿ ಹತ್ತುವುದು ಎಂದುಕೊಂಡಿದ್ದ ನಾನು ಎಷ್ಟು ದಡ್ಡಿ ಎನ್ನುವುದಕ್ಕೆ ಆ ಆರು ವಾರದ ಪುಟಗಳೇ ಸಾಕ್ಷಿ. ಹೊಸ ಹಗ್ಗವನ್ನು ಮೊದಲ ಹನ್ನೊಂದು ದಿನ ಯಾರೂ ತುಳಿಯಲೇ ಇಲ್ಲ. ನೀರಲ್ಲಿ ನೆನೆಸುವುದು, ಹುಣಸೆ ಮರದ ಕೊಂಬೆಯಿಂದ ಕಲ್ಲು ಕಟ್ಟಿ ಇಳಿಬಿಡುವುದು, ಒಣಗಿದ ಮೇಲೆ ಮತ್ತೆ ನೆನೆಸುವುದು. ಇನ್ನು ಹಿಗ್ಗಲಾರೆ ಎಂದು ಹಗ್ಗವೇ ಒಪ್ಪಿಕೊಳ್ಳಬೇಕಂತೆ. ಅಲ್ಲಿಯವರೆಗೆ ಅವನ ಅಭ್ಯಾಸ ಹಳೆಯ ಹಗ್ಗದ ಮೇಲೆ, ಆಳೆತ್ತರದಲ್ಲಿ. ಅದಕ್ಕೂ ಮೊದಲು ನೆಲದ ಮೇಲೆ ಬೂದಿಯ ಗೆರೆ ಎಳೆದು ಕಣ್ಣು ಮುಚ್ಚಿ ನಡೆಯುವನು. ಹಗ್ಗದ ಉದ್ದ ಯಾವಾಗಲೂ ಹತ್ತು ಮಾರು, ಅವನ ತಂದೆಯ ಕಾಲದಿಂದಲೂ. ಗಂಟು ಬಿಗಿಯುವುದು, ಗೂಟ ಹೊಡೆಯುವುದು, ಬೆಳಿಗ್ಗೆ ಎದ್ದು ಹಗ್ಗವನ್ನೆಲ್ಲ ಅಂಗೈಯಿಂದ ಸವರಿ ಹರಿದ ನಾರು ಹುಡುಕುವುದು, ಎಲ್ಲ ಅವನೇ. ಒಮ್ಮೆ ನಾನು ಮುಟ್ಟಬಹುದೇ ಎಂದು ಕೇಳಿದಾಗ ಸವರಲು ಬಿಟ್ಟ. ಆಮೇಲೆ ನಾನು ಸವರಿದಷ್ಟನ್ನೂ ಮತ್ತೆ ತಾನೇ ಸವರಿದ.

ತಮಟೆ ನೋಡುವವರಿಗಾಗಿ ಅಲ್ಲ ಎಂದು ತಿಳಿದದ್ದೂ ಅವನಿಂದಲೇ. ಹೆಜ್ಜೆಗೊಂದು ಪೆಟ್ಟಿನಂತೆ ಮೂವತ್ತಾರು. ಜೋಡಿ ಪೆಟ್ಟು ಬೀಳುವಾಗ ಅವನ ಕಾಲು ಹಗ್ಗ ಕಟ್ಟಿದ ಆಚೆ ಕಡೆಯ ಬಿದಿರಿನ ಗಳ ಮುಟ್ಟಿರಬೇಕು. ಹಗ್ಗದ ಮೇಲಿದ್ದವನು ಎಣಿಸಬಾರದು, ಎಣಿಕೆಗೆ ಮನಸ್ಸು ಹೋದರೆ ಕಾಲು ಹೋಗುತ್ತದೆ. ಎಣಿಕೆಯೆಲ್ಲ ಕೆಳಗಿರುವವರದು. "ಹೆಜ್ಜೆ ಕಿರಿದಾಯ್ತು ಅಂದ್ರೆ ಕಾಲಿಗೆ ನಂಬ್ಕೆ ಹೋಯ್ತು ಅಂತ ಕಣವ್ವ. ತಮಟೆ ಮುಗುದು ನಾನಿನ್ನೂ ಮಧ್ಯದಾಗಿದ್ರೆ, ಅವತ್ತಿಂದ ಎತ್ತರ ಹತ್ತಬಾರ್ದು. ನಮ್ಮಪ್ಪ ಹಂಗೇ ಇಳುದಿದ್ದು" ಎಂದಿದ್ದ. ಪಕ್ಕದಲ್ಲಿ ನಾಗಕ್ಕ ತಮಟೆಯನ್ನು ಬೆಂಕಿಗೆ ಹಿಡಿದು ಕಾಯಿಸುತ್ತಿದ್ದಳು.

ಮೂರನೆಯ ವಾರದ ಬುಧವಾರ ನನ್ನ ಪುಸ್ತಕದಲ್ಲಿ ಮೂವತ್ತೆಂಟು ಎಂದಿದೆ. ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ. ಗಣಿತದಲ್ಲಿ ಫೇಲಾದವಳಿಗೆ ತನ್ನ ಎಣಿಕೆಯ ಮೇಲೆ ಎಷ್ಟು ಭರವಸೆಯಿರುತ್ತದೆ ಹೇಳಿ? ಮರುದಿನ ಮೂವತ್ತೊಂಬತ್ತು. ಮುಂದಿನ ವಾರ ನಲವತ್ತೊಂದು. ಬೀನ್ಸ್ ಕಾಳು ಇಟ್ಟುಕೊಂಡು ಪೆಟ್ಟಿಗೊಂದರಂತೆ ಬಟ್ಟಲಿಗೆ ಹಾಕಿ ನೋಡಿದೆ. ನಲವತ್ಮೂರು ಕಾಳು. ತಪ್ಪು ನನ್ನದಾಗಿರಲಿಲ್ಲ. ಗೋಡೆಯಾಚೆ ಹೋಗಿ ನೋಡಿದಾಗ ತಿಮ್ಮಣ್ಣನ ಎಡಮಂಡಿ ಪೂರ್ತಿ ನೆಟ್ಟಗಾಗುತ್ತಿರಲಿಲ್ಲ. ನಾಗಕ್ಕನ ಕಣ್ಣು ತಮಟೆಯ ಮೇಲಿರಲಿಲ್ಲ, ಅವನ ಪಾದದ ಮೇಲಿತ್ತು. ಪಾದ ಗಳ ಮುಟ್ಟಿತು, ಜೋಡಿ ಪೆಟ್ಟು ಬಿತ್ತು. ಇಳಿದವನು ಬೆವರು ಒರೆಸಿಕೊಂಡು, ಕಾಲು ಸರಿಯಾಗೇ ಐತೆ ಎಂದ.

ಅವನು ತಮಟೆಯನ್ನು ನಂಬಿ ನಡೆಯುತ್ತಿದ್ದ. ತಮಟೆ ಅವನನ್ನು ನೋಡಿ ಮುಗಿಯುತ್ತಿತ್ತು. ಹಳೇಬೀಡಿಗೆ ಹತ್ತು ದಿನ ಉಳಿದಿತ್ತು.

ನಾಲ್ಕು ದಿನ ನಾನು ಯಾರಿಗೂ ಹೇಳಲಿಲ್ಲ. ಹದಿನೆಂಟರ ಹುಡುಗಿ, ಅವರ ಕಸುಬಿನ ಬಗ್ಗೆ ಬಾಯಿ ಹಾಕಲು ನಾನ್ಯಾರು? ಐದನೆಯ ದಿನ ಪುಸ್ತಕ ಎದೆಗವಚಿಕೊಂಡು ಹೋಗಿ ನಾಗಕ್ಕನ ಮುಂದೆ ಕುಳಿತು ಒಂದೊಂದೇ ದಿನದ್ದು ಓದಿದೆ. ಅವಳು ಕೋಲುಗಳನ್ನು ಮಡಿಲಲ್ಲಿಟ್ಟುಕೊಂಡು ಕೊನೆಯವರೆಗೂ ಕೇಳಿದಳು.

"ಗೊತ್ತಿದ್ದೂ ಮಾಡ್ದೆ ಅಂತ ಬರ್ಕೋಬ್ಯಾಡ ಕಣವ್ವ" ಎಂದಳು. ಕೋಲುಗಳನ್ನು ಕೆಳಗಿಟ್ಟು, "ಗೊತ್ತಿಲ್ದೆ ಮಾಡ್ದೆ ಅಂತಾನೂ ಬರ್ಕೋಬ್ಯಾಡ" ಎಂದಳು.

ಅವನಿಗೆ ಬಾಯಲ್ಲಿ ಹೇಳುವುದು ಅವಳಿಂದಾಗಲಿಲ್ಲ, ನನ್ನಿಂದಲೂ ಆಗಲಿಲ್ಲ. ಮರುದಿನ ಬೆಳಿಗ್ಗೆ ಅವನು ಹಗ್ಗ ಹತ್ತಿದ. ನಾಗಕ್ಕ ಗಂಡನ ಕಡೆ ಬೆನ್ನು ಹಾಕಿ ಗೋಡೆಗೆ ಮುಖ ಮಾಡಿ ಕುಳಿತಳು. ಮೂವತ್ತಾರು ಪೆಟ್ಟು ಬಾರಿಸಿದಳು. ಜೋಡಿ ಪೆಟ್ಟು ಹೊಡೆದು ಕೋಲು ಕೆಳಗಿಟ್ಟಳು.

ತಿಮ್ಮಣ್ಣ ಹಗ್ಗದ ಮೇಲೆ ನಿಂತುಬಿಟ್ಟ. ಗಳ ಇನ್ನೂ ಏಳು ಹೆಜ್ಜೆ ದೂರವಿತ್ತು. ಕೈಯಲ್ಲಿದ್ದ ಅಡ್ಡಕೋಲು ಒಮ್ಮೆ ಆ ಕಡೆ ಒಮ್ಮೆ ಈ ಕಡೆ ಬಾಗಿ ಸಮನಾಯಿತು. ಅವನು ಕೆಳಗೆ ನೋಡಲಿಲ್ಲ, ಅವಳನ್ನು ಕರೆಯಲೂ ಇಲ್ಲ. ಆ ಏಳು ಹೆಜ್ಜೆಗಳನ್ನು ಸದ್ದಿಲ್ಲದೆ ನಡೆದ. ಇಳಿದು ಬಂದು ಹೆಂಡತಿಯ ಬೆನ್ನಿನ ಹಿಂದೆ ನಿಂತು, "ಎಷ್ಟು ದಿವಸದಿಂದ?" ಎಂದು ಕೇಳಿದ. ಉತ್ತರ ನನ್ನ ಪುಸ್ತಕದಲ್ಲಿತ್ತು, ನಾನು ಹೇಳಿದೆ. ನನ್ನ ಮೇಲೆ ಸಿಟ್ಟಾಗುತ್ತಾನೆ ಎಂದುಕೊಂಡಿದ್ದೆ. ಅವನು ಹೋಗಿ ಹೊಸ ಹಗ್ಗವನ್ನು ಸವರತೊಡಗಿದ.

ಹಳೇಬೀಡಿಗೆ ನಾನೂ ಅಪ್ಪನ ಜೊತೆ ಬಸ್ಸಿನಲ್ಲಿ ಹೋದೆ. ಕೆರೆಯ ಕಡೆಯಿಂದ ಗಾಳಿ ಬೀಸುತ್ತಿತ್ತು. ಮೈದಾನದ ತುಂಬ ಜನ. ತಿಮ್ಮಣ್ಣ ಹಗ್ಗವನ್ನು ಎದೆಯೆತ್ತರಕ್ಕೆ ಕಟ್ಟಿದ್ದ. ಎರಡರಷ್ಟು ಎತ್ತರ ಎಂದು ಕೇಳಿಬಂದಿದ್ದವರು ಮೊದಲು ಗೊಣಗಿದರು, ಆಮೇಲೆ ನಕ್ಕರು. "ಏನ್ಲಾ, ಬಟ್ಟೆ ಒಣಗಾಕಕ್ಕೆ ಕಟ್ಟವ್ನಾ?" ಎಂದು ನನ್ನ ಹಿಂದೆ ಯಾರೋ ಅಂದರು. ಅರ್ಧ ಜನ ಎದ್ದು ಹೋದರು. ಅವನು ಗಂಟುಗಳನ್ನು ಮೂರು ಸಲ ನೋಡಿದ, ಹಗ್ಗವನ್ನು ತುದಿಯಿಂದ ತುದಿಗೆ ಸವರಿದ, ಬೂದಿಯ ಗೆರೆಯ ಮೇಲೆ ಕಣ್ಣು ಮುಚ್ಚಿ ನಡೆದ. ಮುಗಿಲೆತ್ತರಕ್ಕೆ ಹೋಗುವವನು ಮಾಡುವುದನ್ನೆಲ್ಲ ಮಾಡಿ, ಎದೆಯೆತ್ತರದ ಹಗ್ಗ ಹತ್ತಿದ.

ಇಳಿದ ಮೇಲೆ ನನ್ನನ್ನು ಹುಡುಕಿಕೊಂಡು ಬಂದು, "ಹೆಜ್ಜೆ ಎಷ್ಟಾಯ್ತವ್ವ?" ಎಂದ.

ಸುಳ್ಳು ಹೇಳಬಹುದಿತ್ತು. "ನಲವತ್ಮೂರು" ಎಂದೆ.

ಅವನು ನಾಗಕ್ಕನ ಕಡೆ ತಿರುಗಿದ. "ನಾಳಿಂದ ಅದುಕ್ಕೇ ಬಾರ್ಸು. ನನ್ ಕಾಲ್ ನೋಡ್ಕಂಡಲ್ಲ, ಎಣಿಸ್ಕಂಡು."

ಅವಳು ತಲೆಯಾಡಿಸಿದಳು. ಆರು ವಾರದಲ್ಲಿ ಅವಳ ಮುಖ ಹಗುರಾದದ್ದನ್ನು ಮೊದಲ ಸಲ ನೋಡಿದೆ.

ಹೋದ ಶನಿವಾರ ಶಾಲೆಯ ಹಗ್ಗ ಸವರಿ ಮನೆಗೆ ಬಂದವಳು ಆ ವರ್ಷದ ಡೈರಿ ತೆಗೆದೆ. ಆ ಪುಟಗಳ ಮೇಲೆಲ್ಲ ನೀಟಾದ ಅಕ್ಷರದಲ್ಲಿ 'ತಿಮ್ಮಣ್ಣನ ಹೆಜ್ಜೆ' ಎಂದು ಬರೆದು ಕೆಳಗೆ ಎರಡು ಗೆರೆ ಎಳೆದಿದ್ದೇನೆ. ಎಷ್ಟೋ ಸಲ ತೆರೆದು ನೋಡಿದ್ದರೂ ನನಗೆ ಹೊಳೆದಿರಲಿಲ್ಲ. ಗೋಡೆಯ ಈಚೆ ಕುಳಿತವಳಿಗೆ ಅವನ ಹೆಜ್ಜೆ ಎಲ್ಲಿ ಕೇಳಿಸಬೇಕು? ಅಷ್ಟು ದಿನವೂ ನಾನು ಎಣಿಸಿದ್ದು ಒಬ್ಬ ಹೆಂಗಸಿನ ಕೈಯನ್ನು. ಅವನ ಅಭ್ಯಾಸ ದಿನಕ್ಕೆ ಎಂಟು ಸಲ. ಅವನು ಬೀಳದ ಹಾಗೆ ನೋಡುತ್ತ ಕೂರುವ ಅವಳ ಅಭ್ಯಾಸಕ್ಕೆ ಎಣಿಕೆಯೇ ಇರಲಿಲ್ಲ. ಆರು ವಾರದ ಪುಟಗಳಲ್ಲಿ ಅವಳ ಹೆಸರು ಒಂದೇ ಒಂದು ಕಡೆಯೂ ಇಲ್ಲ.

ಹಳೆಯ ಡೈರಿಯನ್ನು ತಿದ್ದಬಾರದೆಂಬುದು ನಾನೇ ಹಾಕಿಕೊಂಡ ನಿಯಮ. ಅವತ್ತು ಅದನ್ನು ಮುರಿದೆ. ಒಂದೊಂದೇ ಪುಟ ತಿರುವಿ, ಪ್ರತಿ ದಿನದ ಸಂಖ್ಯೆಯ ಮುಂದೆ ನಾಗಕ್ಕ ಎಂದು ಬರೆಯುತ್ತಾ ಹೋದೆ.